ಟೋಕಿಯೋದ ಹಟೊಯಾಮ ಮನೆ: ಅಜ್ಜನಿಗೆ ಫುಲ್ ಮಾರ್ಕ್ಸ್, ಮೊಮ್ಮಗನ ಕಥೆ ಓದಿಕೊಂಡು ಹೋಗಿ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಮಾಡಿದೆ ಅಂತ ಆಮೇಲೆ ಹೇಳುತ್ತೇನೆ.

ಟೋಕಿಯೋಗೆ ಬರುವ ನಮ್ಮವರ ಪಟ್ಟಿ ಎಲ್ಲರಿಗೂ ಗೊತ್ತು. ಅಸಾಕುಸಾ ದೇವಸ್ಥಾನ, ಶಿಬುಯಾ ಕ್ರಾಸಿಂಗ್, ಸ್ಕೈಟ್ರೀ, ಒಂದು ದಿನ ಫುಜಿ ಬೆಟ್ಟ, ಮುಗೀತು. ಹಟೊಯಾಮ ಕೈಕಾನ್ ಎಂಬ ಈ ಹಳೇ ಬಂಗಲೆಯ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಇಲ್ಲೇ ಕೆಲಸ ಮಾಡಿಕೊಂಡಿರುವ ಕನ್ನಡದವರಲ್ಲೂ ಜಾಸ್ತಿ ಜನಕ್ಕೆ ಗೊತ್ತಿಲ್ಲ. ರಾಜಕೀಯದ ಹುಚ್ಚು ಇದ್ದವರಿಗೆ, ಹಳೇ ಮನೆ ನೋಡುವ ಆಸೆ ಇದ್ದವರಿಗೆ, ಅರ್ಧ ದಿನ ಹಾಯಾಗಿ ಕಳೆಯಲು ಇದು ಒಳ್ಳೇ ಜಾಗ. ಟಿಕೆಟ್ ಕೆಲವು ನೂರು ಯೆನ್ ಅಷ್ಟೇ, ಟೋಕಿಯೋ ಲೆಕ್ಕಕ್ಕೆ ಏನೂ ಅಲ್ಲ.

ಬುಂಕ್ಯೊ ವಾರ್ಡಿನ ಒತೊವಾ ಎಂಬಲ್ಲಿದೆ. 1924ರಲ್ಲಿ ಕಟ್ಟಿದ ಇಂಗ್ಲಿಷ್ ಶೈಲಿಯ ಮನೆ. ಕಟ್ಟಿಸಿದವರು ಇಚಿರೊ ಹಟೊಯಾಮ, ಮುಂದೆ 1954ರಿಂದ 1956ರವರೆಗೆ ಜಪಾನಿನ ಪ್ರಧಾನಿಯಾದವರು. ಅವರ ಮೊಮ್ಮಗ ಯುಕಿಯೊ ಹಟೊಯಾಮ 2009ರಲ್ಲಿ ಪ್ರಧಾನಿಯಾದರು, ಒಂಬತ್ತು ತಿಂಗಳು ತುಂಬುವ ಮೊದಲೇ ಕುರ್ಚಿ ಬಿಟ್ಟರು. ಮನೆಯನ್ನು ಸರಿಮಾಡಿಸಿ 1996ರಲ್ಲಿ ಜನರಿಗೆ ತೆರೆದರು. ಜನ ಇದನ್ನು ಒತೊವಾ ಅರಮನೆ ಅಂತಲೇ ಕರೆಯುತ್ತಿದ್ದರು, ಅರಮನೆ ಅನ್ನುವಷ್ಟು ದೊಡ್ಡದೇನಲ್ಲ, ಆದರೆ ಒಳಗೆ ನಡೆದ ವ್ಯವಹಾರ ಅರಮನೆಯದ್ದೇ.

ದಾರಿ ಸುಲಭ. ನಮ್ಮವರು ಜಾಸ್ತಿ ಇರುವ ನಿಶಿ ಕಸಾಯ್‌ನಿಂದ ಹೊರಟರೆ ತೊಜಾಯ್ ಲೈನ್‌ನಲ್ಲಿ ಈದಾಬಾಶಿಗೆ ಬನ್ನಿ, ಅಲ್ಲಿ ಯುರಾಕುಚೊ ಲೈನ್‌ಗೆ ಬದಲಾಯಿಸಿ, ಮುಂದಿನ ಸ್ಟಾಪೇ ಎದೊಗಾವಾಬಾಶಿ. ಅಲ್ಲಿಂದ ನಡೆದೇ ಹೋಗಬಹುದು. ಅದರಾಚೆಯ ಸ್ಟಾಪ್ ಗೊಕೊಕುಜಿ, ಅಲ್ಲಿಂದಲೂ ಬರಬಹುದು. ಗೇಟು ದೊಡ್ಡ ರಸ್ತೆಗೇ ಇದೆ, ಆದರೆ ಮನೆ ಕಾಣಿಸುವುದಿಲ್ಲ. ಗೇಟಿನಿಂದ ಒಳಗೆ ತಿರುವು ದಾರಿ, ಒಳ್ಳೇ ಏರು. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಅವಸರ ಮಾಡಿಸಬೇಡಿ, ನಿಂತು ನಿಂತು ಹತ್ತಿಸಿ. ಸೋಮವಾರ ರಜ. ವರ್ಷದಲ್ಲಿ ಬೇರೆ ದಿನಗಳಲ್ಲೂ ಮುಚ್ಚುವುದುಂಟು, ಹಾಗಾಗಿ ಮನೆ ಬಿಡುವ ಮೊದಲೇ ತೆರೆದಿದೆಯಾ ಅಂತ ನೋಡಿಕೊಳ್ಳಿ.

ಈಗ ಮನೆ. ಇದಕ್ಕೆ ಎರಡು ಮಾತಿಲ್ಲ, ಚೆಂದ ಇದೆ. ವಿನ್ಯಾಸ ಮಾಡಿದವರು ಶಿನ್‌ಇಚಿರೊ ಒಕಾದಾ, ಇಚಿರೊ ಅವರ ಹಳೇ ಗೆಳೆಯ. ಆ ಕಾಲದ ದೊಡ್ಡ ವಾಸ್ತುಶಿಲ್ಪಿ, ಟೋಕಿಯೋದ ಕಬುಕಿ ನಾಟಕಶಾಲೆಯನ್ನು ಭೂಕಂಪದ ನಂತರ ಹೊಸದಾಗಿ ಕಟ್ಟಿದ್ದೂ ಇವರೇ. 1923ರ ಸೆಪ್ಟೆಂಬರಿನಲ್ಲಿ ಟೋಕಿಯೋ ಅರ್ಧಕ್ಕರ್ಧ ನೆಲಸಮವಾಗಿತ್ತು. ಅದರ ಮರು ವರ್ಷವೇ ಈ ಮನೆ ಎದ್ದಿತು, ಮರದಲ್ಲಲ್ಲ, ಕಾಂಕ್ರೀಟಿನಲ್ಲಿ. ಮಾಡಿನ ಮೇಲೆ ಗೂಬೆಗಳಿವೆ, ಮುಂಬಾಗಿಲ ಮೇಲ್ಗಡೆ ಜಿಂಕೆಯ ತಲೆ ಇದೆ, ಮತ್ತೆ ಎಲ್ಲಿ ನೋಡಿದರೂ ಪಾರಿವಾಳ. ಮನೆತನದ ಹೆಸರಿನಲ್ಲೇ ಪಾರಿವಾಳ ಇರುವುದರಿಂದ ಈ ಅಲಂಕಾರ. ಮಕ್ಕಳನ್ನು ಕರೆದುಕೊಂಡು ಹೋದರೆ ಪಾರಿವಾಳ ಹುಡುಕುವ ಆಟ ಕೊಡಿ, ಒಂದು ಗಂಟೆ ನಿಮ್ಮ ತಂಟೆಗೆ ಬರುವುದಿಲ್ಲ.

ಕೆಳಗೆ ಸಾಲಾಗಿ ಹಜಾರಗಳು. ನಡುವಿನ ಬಾಗಿಲು ಮಡಚಿ ಸರಿಸಿದರೆ ಎಲ್ಲಾ ಸೇರಿ ಒಂದೇ ದೊಡ್ಡ ಹಾಲ್. ಇದು ಸುಮ್ನೆ ಶೋಕಿಗೆ ಮಾಡಿದ್ದಲ್ಲ ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ. ಪಕ್ಷದ ನೂರಾರು ಜನರನ್ನು ಮನೆಯೊಳಗೇ ಸೇರಿಸಬೇಕು, ಅದೇ ಹೊತ್ತಿಗೆ ಪಕ್ಕದಲ್ಲಿ ಇಬ್ಬರು ಮೂವರು ಮಾತ್ರ ಕೂತು ಪಿಸುಗುಡಲೂ ಜಾಗ ಬೇಕು. ಹೀಗೆ ರಾಜಕಾರಣಿಗೆ ಅಳತೆ ತೆಗೆದು ಹೊಲಿದ ಅಂಗಿಯ ಥರ ಇದೆ ಈ ಮನೆ. ಪಕ್ಕದಲ್ಲಿ ಬಿಸಿಲು ತುಂಬುವ ಗಾಜಿನ ಕೋಣೆ, ಅದರ ಮುಂದೆ ಹುಲ್ಲುಹಾಸು, ಗುಲಾಬಿ ಗಿಡಗಳು, ಮನೆತನದ ಹಿರಿಯರ ಕಂಚಿನ ಪ್ರತಿಮೆ. ಗುಲಾಬಿ ಹೂ ಬಿಡುವ ಕಾಲಕ್ಕೆ ಹೋದರೆ ಫೋಟೋ ಹುಚ್ಚಿನವರಿಗೆ ಹಬ್ಬ, ಜನಸಂದಣಿಯೂ ಆಗಲೇ ಜಾಸ್ತಿ.

ಮೆಟ್ಟಿಲು ಹತ್ತುವಾಗ ತಿರುವಿನಲ್ಲಿ ದೊಡ್ಡ ಬಣ್ಣದ ಗಾಜಿನ ಕಿಟಕಿ ಇದೆ. ಐದು ಅಂತಸ್ತಿನ ಪಗೋಡ, ಅದರ ಸುತ್ತ ಹಾರುವ ಪಾರಿವಾಳಗಳು. ಮಾಡಿದವರು ಸಾನ್‌ಚಿ ಒಗಾವಾ. ಅಮೆರಿಕದಲ್ಲಿ ಈ ಕೆಲಸ ಕಲಿತು ಬಂದವರು. ಟಿಕೆಟ್ ದುಡ್ಡು ಈ ಒಂದು ಕಿಟಕಿಗೇ ವಸೂಲ್. ಬಿಸಿಲಿರುವ ದಿನ ಹೋಗಿ, ಮೋಡ ಇದ್ದರೆ ಅದರ ಮಜಾ ಅರ್ಧ.

ಮೇಲಿನ ಕೋಣೆಗಳಲ್ಲಿ ನೆನಪಿನ ವಸ್ತುಗಳಿವೆ. ಅಜ್ಜ ಇಚಿರೊ, ಅಜ್ಜಿ ಕಾವೊರು, ಅಪ್ಪ ಈಚಿರೊ, ಇವರ ಹೆಸರಿನ ಕೋಣೆಗಳು. ಅಜ್ಜನ ಹೆಸರೂ ಅಪ್ಪನ ಹೆಸರೂ ಹತ್ತಿರ ಹತ್ತಿರ ಇವೆ, ಎಡವಬೇಡಿ. ಮೊಮ್ಮಗ ಯುಕಿಯೊ ಹೆಸರಿನಲ್ಲಿ ಕೋಣೆ ಇಲ್ಲ. ನನ್ನ ಪ್ರಕಾರ ಈ ಮನೆಯನ್ನು ಅರ್ಥ ಮಾಡಿಕೊಳ್ಳಲು ಅವರ ಕಥೆಯೇ ಬೇಕು. ಅದಕ್ಕೇ ಈ ರಿವ್ಯೂ ಇಷ್ಟು ಉದ್ದ. ಮನೆಯ ಬಗ್ಗೆ ಮಾತ್ರ ಬೇಕಿದ್ದವರು ಇಲ್ಲಿಗೇ ನಿಲ್ಲಿಸಿ ರೈಲು ಹತ್ತಬಹುದು.

ಅಜ್ಜನಿಂದಲೂ ಹಿಂದೆ ಹೋಗಬೇಕು. ಮುತ್ತಜ್ಜ ಕಜುವೊ ಹಟೊಯಾಮ ಅಮೆರಿಕದ ಕೊಲಂಬಿಯಾ, ಯೇಲ್ ವಿಶ್ವವಿದ್ಯಾಲಯಗಳಲ್ಲಿ ಕಾನೂನು ಓದಿ ಬಂದವರು, 1896ರಲ್ಲಿ ಜಪಾನಿನ ಕೆಳಮನೆಯ ಸ್ಪೀಕರ್ ಆದವರು. ಮುತ್ತಜ್ಜಿ ಹರುಕೊ ಹೆಣ್ಣುಮಕ್ಕಳ ಶಾಲೆ ಕಟ್ಟಿದವರಲ್ಲಿ ಒಬ್ಬರು, ಅದೇ ಇವತ್ತಿನ ಕ್ಯೊರಿತ್ಸು ಮಹಿಳಾ ವಿಶ್ವವಿದ್ಯಾಲಯ. ಇಂಥ ಅಪ್ಪ ಅಮ್ಮನ ಮಗ ಇಚಿರೊ.

ಇಚಿರೊ ಕಥೆ ಸಿನಿಮಾ ಥರ. ಯುದ್ಧ ಮುಗಿದ ಮೇಲೆ ಲಿಬರಲ್ ಪಕ್ಷ ಕಟ್ಟಿದರು. 1946ರ ಏಪ್ರಿಲ್ ಚುನಾವಣೆಯಲ್ಲಿ ಆ ಪಕ್ಷವೇ ಮೊದಲ ಸ್ಥಾನಕ್ಕೆ ಬಂತು. ಪ್ರಧಾನಿ ಪಟ್ಟ ಕೈಗೆ ಸಿಗಬೇಕು ಅನ್ನುವಷ್ಟರಲ್ಲಿ, ಮೇ ತಿಂಗಳಲ್ಲಿ, ಅಮೆರಿಕದ ಸೇನಾಡಳಿತ ಅವರನ್ನು ಸಾರ್ವಜನಿಕ ಜೀವನದಿಂದಲೇ ಹೊರಗೆ ಹಾಕಿತು. ಯುದ್ಧಕ್ಕೆ ಮೊದಲಿನ ಅವರ ನಡೆನುಡಿಯೇ ಇದಕ್ಕೆ ಕಾರಣ. ಇದು ಸುಳ್ಳು ಆರೋಪ ಅಂತ ತಳ್ಳಿಹಾಕುವ ಹಾಗಿಲ್ಲ. 1933ರಲ್ಲಿ ಶಿಕ್ಷಣ ಸಚಿವರಾಗಿದ್ದಾಗ ಕ್ಯೋಟೋ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ತಾಕಿಗಾವಾ ಅವರನ್ನು ವಿಚಾರಗಳ ಕಾರಣಕ್ಕೆ ಕೆಲಸದಿಂದ ತೆಗೆಸಿದ್ದು ಇದೇ ಇಚಿರೊ. ಸ್ವಾತಂತ್ರ್ಯದ ಹರಿಕಾರ ಅಂತ ಹೊಗಳುವಾಗ ಈ ಪುಟವನ್ನೂ ತಿರುವಿ ನೋಡಬೇಕು.

ಅವರ ಬದಲು ಶಿಗೆರು ಯೊಶಿದಾ ಪ್ರಧಾನಿಯಾದರು. ನೀವು ವಾಪಸ್ ಬಂದರೆ ಪಕ್ಷ ನಿಮ್ಮದೇ ಅಂತ ಮಾತು ಕೊಟ್ಟಿದ್ದರು ಅನ್ನುವುದು ಹಟೊಯಾಮ ಕಡೆಯವರ ದೂರು. ಯೊಶಿದಾ ಕೊಡಲಿಲ್ಲ. ಇಚಿರೊಗೆ 1951ರಲ್ಲಿ ಪಾರ್ಶ್ವವಾಯು ಹೊಡೆಯಿತು. ಆದರೂ ಬಿಡಲಿಲ್ಲ. ಹೊಸ ಪಕ್ಷ ಕಟ್ಟಿ, 1954ರ ಡಿಸೆಂಬರಿನಲ್ಲಿ ಯೊಶಿದಾರನ್ನು ಇಳಿಸಿ ತಾವು ಪ್ರಧಾನಿಯಾದರು. ಮರು ವರ್ಷ ನವೆಂಬರಿನಲ್ಲಿ ಬಲಪಂಥದ ಎರಡು ಪಕ್ಷ ಸೇರಿ ಎಲ್‌ಡಿಪಿ, ಅಂದರೆ ಲಿಬರಲ್ ಡೆಮಾಕ್ರಟಿಕ್ ಪಕ್ಷ ಆಯಿತು, ಅದರ ಮೊದಲ ಅಧ್ಯಕ್ಷರೂ ಇವರೇ. 1956ರ ಅಕ್ಟೋಬರಿನಲ್ಲಿ, ನಡೆಯಲೂ ಕಷ್ಟಪಡುವ ಆ ಮನುಷ್ಯ ಮಾಸ್ಕೋಗೆ ಹೋಗಿ ಸೋವಿಯತ್ ಜೊತೆ ಯುದ್ಧಸ್ಥಿತಿ ಮುಗಿಸುವ ಘೋಷಣೆಗೆ ಸಹಿ ಹಾಕಿ ಬಂದರು. ಡಿಸೆಂಬರಿನಲ್ಲಿ ಜಪಾನಿಗೆ ವಿಶ್ವಸಂಸ್ಥೆಯ ಸದಸ್ಯತ್ವ ಸಿಕ್ಕಿತು. ಆ ತಿಂಗಳೇ ರಾಜೀನಾಮೆ ಕೊಟ್ಟರು. ಕೆಲಸ ಮುಗಿಸಿ ಎದ್ದು ಹೋಗುವುದು ಅಂದರೆ ಇದು. ಈ ಕಾಲದ ಎಷ್ಟೋ ಮಾತುಕತೆ ನಡೆದದ್ದು ನೀವು ನಿಂತು ನೋಡುವ ಆ ಹಜಾರಗಳಲ್ಲೇ, ಹಾಗಾಗಿ ಅಲ್ಲಿನ ಸೋಫಾಗಳನ್ನು ಬರೀ ಪೀಠೋಪಕರಣ ಅಂತ ನೋಡಬೇಡಿ.

ಇಲ್ಲಿಂದ ಮೊಮ್ಮಗ. ಯುಕಿಯೊ ಹುಟ್ಟಿದ್ದು 1947ರಲ್ಲಿ, ಅಂದರೆ ಅಜ್ಜ ಮೂಲೆಗುಂಪಾಗಿದ್ದ ಕಾಲದಲ್ಲಿ. ರಾಜಕೀಯ ಬೇಡ ಅಂತಲೇ ಹೊರಟವರು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ 1976ಕ್ಕೆ ಡಾಕ್ಟರೇಟ್, ವಾಪಸ್ ಬಂದು ಸೆನ್‌ಶು ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಅದೇ 1976ರಲ್ಲಿ ತಮ್ಮ ಕುನಿಯೊ ಟೋಕಿಯೋದಿಂದ ಸಂಸತ್ತಿಗೆ ಆರಿಸಿ ಹೋದರು, ಅಪ್ಪ ಈಚಿರೊ ವಿದೇಶಾಂಗ ಸಚಿವರಾದರು. ಅಣ್ಣ ಲೆಕ್ಕ ಪಾಠ, ತಮ್ಮ ರಾಜಕೀಯ. ಅಣ್ಣ ಕಣಕ್ಕೆ ಇಳಿದದ್ದು ಹತ್ತು ವರ್ಷ ಬಿಟ್ಟು, 1986ರಲ್ಲಿ, ಅದೂ ಟೋಕಿಯೋದಲ್ಲಲ್ಲ, ದೂರದ ಹೊಕ್ಕೈದೊ ದ್ವೀಪದ ಮುರೊರಾನ್ ಕಡೆಯ ಕ್ಷೇತ್ರದಲ್ಲಿ. ಹುಟ್ಟಿ ಬೆಳೆದದ್ದು ರಾಜಧಾನಿ, ಓಟು ಕೇಳಿದ್ದು ಉಕ್ಕಿನ ಕಾರ್ಖಾನೆಯ ಊರಲ್ಲಿ. ಹೊಕ್ಕೈದೊದಲ್ಲಿ ಮುತ್ತಜ್ಜ ಜಮೀನು ಮಾಡಿದ್ದರು ಅನ್ನುವ ಒಂದು ನಂಟಿತ್ತು, ಅಷ್ಟೇ.

ಜಪಾನಿನಲ್ಲಿ ಚುನಾವಣೆ ಗೆಲ್ಲಲು ಮೂರು ಬೇಕು ಅನ್ನುತ್ತಾರೆ: ಜಿಬಾನ್, ಕಾನ್‌ಬಾನ್, ಕಬಾನ್. ಕ್ಷೇತ್ರದಲ್ಲಿ ಬೆಂಬಲಿಗರ ಪಡೆ, ಎಲ್ಲರಿಗೂ ಗೊತ್ತಿರುವ ಹೆಸರು, ದುಡ್ಡಿನ ಚೀಲ. ಒತೊವಾ ಮನೆ ತೋರಿಸುವುದು ಎರಡನೆಯದನ್ನು, ಹೆಸರನ್ನು. ಮೂರನೆಯದು ಎಲ್ಲಿಂದ ಬಂತು ಅಂತ ನೋಡಬೇಕಿದ್ದರೆ ಅದೇ ದಿನ ಕ್ಯೊಬಾಶಿಯ ಆರ್ಟಿಜೋನ್ ಮ್ಯೂಸಿಯಂಗೂ ಹೋಗಿ. ನಿಜ ಹೇಳುತ್ತಿದ್ದೇನೆ, ಒಳ್ಳೇ ಜೋಡಿ. ಮೊದಲು ಅದರ ಹೆಸರು ಬ್ರಿಜ್‌ಸ್ಟೋನ್ ಮ್ಯೂಸಿಯಂ. ಟೈರ್ ಕಂಪನಿ ಬ್ರಿಜ್‌ಸ್ಟೋನ್ ಕಟ್ಟಿದ ಶೊಜಿರೊ ಇಶಿಬಾಶಿ ಸಂಗ್ರಹಿಸಿದ ಚಿತ್ರಗಳಿಂದ ಶುರುವಾದದ್ದು. ಆ ಇಶಿಬಾಶಿಯ ಮಗಳು ಯಾಸುಕೊ, ಯುಕಿಯೊ ಮತ್ತು ಕುನಿಯೊ ಅವರ ತಾಯಿ. ಒಂದು ಕಡೆ ಪ್ರಧಾನಿ ಅಜ್ಜ, ಇನ್ನೊಂದು ಕಡೆ ಟೈರ್ ಸಾಹುಕಾರ ಅಜ್ಜ. ನಮ್ಮ ಕಡೆಯ ರಾಜಕೀಯ ಮನೆತನಗಳ ಬೀಗತನ ನೋಡಿದವರಿಗೆ ಇದರಲ್ಲಿ ಹೊಸದೇನೂ ಅನಿಸುವುದಿಲ್ಲ, ಅಲ್ವಾ?

ಯುಕಿಯೊ ಮಾಡಿದ ವಿಚಿತ್ರ ಕೆಲಸ ಅಂದರೆ, ಅಜ್ಜ ಕಟ್ಟಿದ ಪಕ್ಷವನ್ನೇ 1993ರಲ್ಲಿ ಬಿಟ್ಟು ಸಾಕಿಗಾಕೆ ಎಂಬ ಚಿಕ್ಕ ಪಕ್ಷಕ್ಕೆ ಹೋದದ್ದು. ಆ ವರ್ಷವೇ ಎಲ್‌ಡಿಪಿ 1955ರ ನಂತರ ಮೊದಲ ಸಲ ಅಧಿಕಾರ ಕಳೆದುಕೊಂಡಿತು. 1996ರಲ್ಲಿ ನವೊಟೊ ಕಾನ್ ಜೊತೆ ಡೆಮಾಕ್ರಟಿಕ್ ಪಕ್ಷ ಕಟ್ಟಿದರು, ತಮ್ಮ ಕುನಿಯೊ ಕೂಡ ಬಂದರು. ಹೆಚ್ಚು ದಿನ ಬಾಳಲಿಲ್ಲ. 1999ರಲ್ಲಿ ಕುನಿಯೊ ಟೋಕಿಯೋ ಗವರ್ನರ್ ಚುನಾವಣೆಗೆ ನಿಲ್ಲಲು ಹೊರಗೆ ಹೋದರು, ಸೋತರು, ಕೊನೆಗೆ ಎಲ್‌ಡಿಪಿಗೇ ವಾಪಸ್. ಅಣ್ಣ ಪಕ್ಷದ ನಾಯಕರಾದರು, 2002ರ ಕೊನೆಗೆ ಇಚಿರೊ ಒಜಾವಾ ಅವರ ಪಕ್ಷದ ಜೊತೆ ವಿಲೀನದ ಮಾತು ಸರಿಯಾಗಿ ನಿಭಾಯಿಸದೆ ರಾಜೀನಾಮೆ ಕೊಟ್ಟರು. ಆಮೇಲೆ ಪ್ರಧಾನ ಕಾರ್ಯದರ್ಶಿ. 2009ರ ಮೇ ತಿಂಗಳಲ್ಲಿ, ಹಣದ ಹಗರಣದ ಗಲಾಟೆಗೆ ಒಜಾವಾ ನಾಯಕತ್ವ ಬಿಟ್ಟಾಗ, ಕತ್ಸುಯಾ ಒಕಾದಾ ಅವರನ್ನು ಸೋಲಿಸಿ ಮತ್ತೆ ನಾಯಕ.

ಆ ಬೇಸಿಗೆಯ ಚುನಾವಣೆ ನೋಡಿ. ಎದುರಿಗೆ ಪ್ರಧಾನಿ ತಾರೊ ಅಸೊ. ಯಾರು ಈ ಅಸೊ? ಶಿಗೆರು ಯೊಶಿದಾ ಅವರ ಮಗಳ ಮಗ! ಅಜ್ಜಂದಿರ ಜಗಳ 1954ರಲ್ಲಿ, ಮೊಮ್ಮಕ್ಕಳ ಜಗಳ 2009ರಲ್ಲಿ, ಎರಡೂ ಸಲ ಗೆದ್ದದ್ದು ಹಟೊಯಾಮ. ಅದರಲ್ಲೂ ಅಸೊ ಸಂಪುಟದಲ್ಲಿ ಜೂನ್‌ವರೆಗೆ ಸಚಿವರಾಗಿದ್ದವರು ತಮ್ಮ ಕುನಿಯೊ. ಆಗಸ್ಟ್ 30ಕ್ಕೆ ಫಲಿತಾಂಶ ಬಂತು. 480 ಸೀಟಿನಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ 308, ಎಲ್‌ಡಿಪಿಗೆ 119. ಅರ್ಧ ಶತಮಾನಕ್ಕೂ ಮೀರಿ ಹೆಚ್ಚು ಕಡಿಮೆ ಒಂದೇ ಪಕ್ಷ ಆಳಿದ ದೇಶದಲ್ಲಿ ಅದು ಭೂಕಂಪ. ಸೆಪ್ಟೆಂಬರ್ 16ಕ್ಕೆ ಯುಕಿಯೊ ಪ್ರಧಾನಿ. ಸಮೀಕ್ಷೆಗಳಲ್ಲಿ ಜನರ ಬೆಂಬಲ ಶೇಕಡಾ 70 ದಾಟಿತ್ತು.

ಶುರು ಚೆನ್ನಾಗಿಯೇ ಇತ್ತು. ಅದೇ ತಿಂಗಳು ವಿಶ್ವಸಂಸ್ಥೆಗೆ ಹೋಗಿ 1990ರ ಮಟ್ಟಕ್ಕಿಂತ ಶೇಕಡಾ 25ರಷ್ಟು ಇಂಗಾಲ ಕಡಿಮೆ ಮಾಡುತ್ತೇವೆ ಅಂದರು. ಸರ್ಕಾರಿ ಯೋಜನೆಗಳ ಖರ್ಚನ್ನು ಜನರ ಕಣ್ಣೆದುರೇ ಕೂತು ಅಧಿಕಾರಿಗಳಿಗೆ ಪ್ರಶ್ನೆ ಕೇಳಿ ಕತ್ತರಿಸುವ ಕೆಲಸ ಶುರುವಾಯಿತು. 2010ರ ಏಪ್ರಿಲ್‌ನಿಂದ ಸರ್ಕಾರಿ ಹೈಸ್ಕೂಲಿಗೆ ಫೀಸಿಲ್ಲ. ಮಕ್ಕಳಿರುವ ಮನೆಗೆ ಮಗುವಿಗೆ ತಿಂಗಳಿಗೆ 13,000 ಯೆನ್ ಭತ್ಯೆ. ಪ್ರಣಾಳಿಕೆಯಲ್ಲಿ ಹೇಳಿದ್ದು 26,000, ದುಡ್ಡು ಸಾಲದೆ ಅರ್ಧಕ್ಕೆ ಇಳಿಯಿತು. 2009ರ ಡಿಸೆಂಬರ್ ಕೊನೆಗೆ ಮುಂಬೈ, ದೆಹಲಿಗೂ ಬಂದು ಮನಮೋಹನ್ ಸಿಂಗ್ ಜೊತೆ ರಕ್ಷಣಾ ಸಹಕಾರದ ಕಾರ್ಯಯೋಜನೆ ಒಪ್ಪಿಕೊಂಡು ಹೋದರು. ಆಗ ನಮ್ಮ ಪೇಪರ್‌ಗಳಲ್ಲಿ ಹಟೊಯಾಮ ಅಂತ ಓದಿದ್ದು ಕೆಲವರಿಗಾದರೂ ನೆನಪಿರಬಹುದು.

ಅಷ್ಟರಲ್ಲಿ ಅಮ್ಮನ ದುಡ್ಡಿನ ವಿಷಯ ಹೊರಗೆ ಬಂತು. ಯುಕಿಯೊ ಅವರ ದೇಣಿಗೆ ಪಟ್ಟಿಯಲ್ಲಿ ಸತ್ತವರ ಹೆಸರೂ ಇದ್ದವು. ತಮಾಷೆಯಲ್ಲ, ನಿಜವಾಗಿ ತೀರಿಹೋದವರು ದೇಣಿಗೆ ಕೊಟ್ಟಿದ್ದಾರೆ ಅಂತ ಲೆಕ್ಕ ಬರೆದಿದ್ದರು. ಆ ದುಡ್ಡಿನಲ್ಲಿ ದೊಡ್ಡ ಪಾಲು ತಾಯಿ ಯಾಸುಕೊ ಕೊಡುತ್ತಿದ್ದದ್ದು, ತಿಂಗಳಿಗೆ ಸುಮಾರು 1.5 ಕೋಟಿ ಯೆನ್, ಒಟ್ಟು 120 ಕೋಟಿ ಯೆನ್‌ಗೂ ಮೇಲೆ. ನನಗೆ ಗೊತ್ತೇ ಇರಲಿಲ್ಲ ಅಂದರು ಪ್ರಧಾನಿ. ಅವರ ಮೇಲೆ ಕೇಸ್ ಹಾಕಲಿಲ್ಲ, ಲೆಕ್ಕ ಬರೆದ ಹಳೇ ಕಾರ್ಯದರ್ಶಿಗೆ ಶಿಕ್ಷೆಯಾಯಿತು, ಜೈಲಿಗೆ ಕಳಿಸದ ಅಮಾನತು ಶಿಕ್ಷೆ. ಯುಕಿಯೊ ತೆರಿಗೆ ಅಂತ ಸುಮಾರು 60 ಕೋಟಿ ಯೆನ್ ಕಟ್ಟಿದರು.

ಗೊತ್ತಿರಲಿಲ್ಲ ಅನ್ನುವ ಮಾತನ್ನು ನಾನು ಮೊದಲು ನಂಬಿರಲಿಲ್ಲ. ಸಂಬಳ ತಿಂಗಳ ಕೊನೆಗೆ ಬಂದರೆ ಮೂರನೇ ತಾರೀಕಿಗೆ ಬಾಡಿಗೆಗೆ ಹೋಗುವ ನಮ್ಮಂಥವರಿಗೆ 1.5 ಕೋಟಿ ಬಂದದ್ದು ಗೊತ್ತಾಗದೇ ಇರುತ್ತದಾ? ಆದರೆ ಆ ಮನೆಯ ಹಜಾರಗಳಲ್ಲಿ ಓಡಾಡಿದ ಮೇಲೆ, ಇಂಥ ಮನೆಯಲ್ಲಿ ಬೆಳೆದವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳುವ ಅಭ್ಯಾಸವೇ ಇರಲಿಕ್ಕಿಲ್ಲ ಅನಿಸಿತು. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಯಾರು ಟ್ಯಾಂಕ್ ತುಂಬಿಸಿದರು ಅಂತ ಯಾರು ಕೇಳುತ್ತಾರೆ? ಇದು ಅವರಿಗೆ ಮಾಫಿ ಅಲ್ಲ. ದೇಶದ ಖಜಾನೆ ನೋಡಿಕೊಳ್ಳಬೇಕಾದ ಮನುಷ್ಯನಿಗೆ ಇದು ಇನ್ನೂ ದೊಡ್ಡ ದೋಷ.

ಕೊನೆಗೆ ಬೀಳಿಸಿದ್ದು ಒಕಿನಾವಾ. ಗಿನೊವಾನ್ ಊರಿನ ನಟ್ಟನಡುವೆ, ಮನೆ ಶಾಲೆಗಳ ಮಗ್ಗುಲಲ್ಲೇ, ಫುತೆನ್ಮಾ ಎಂಬ ಅಮೆರಿಕದ ಸೇನಾ ವಿಮಾನ ನೆಲೆ ಇದೆ. ಅದನ್ನು ಅದೇ ದ್ವೀಪದ ಹೆನೊಕೊಗೆ ಸಾಗಿಸುವುದು ಅಂತ ಹಳೇ ಸರ್ಕಾರ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಚುನಾವಣೆಗೆ ಮೊದಲು ಯುಕಿಯೊ, ಕಡೇಪಕ್ಷ ಒಕಿನಾವಾ ಪ್ರಾಂತ್ಯದ ಹೊರಗಾದರೂ ಸಾಗಿಸುತ್ತೇವೆ ಅಂದುಬಿಟ್ಟರು. ಎಲ್ಲಿಗೆ? ಅದಕ್ಕೆ ಉತ್ತರ ಇರಲಿಲ್ಲ. ಬರಾಕ್ ಒಬಾಮಾಗೆ ನನ್ನನ್ನು ನಂಬಿ ಅಂದರು, ಒಕಿನಾವಾದ ಜನಕ್ಕೂ ಹೆಚ್ಚು ಕಡಿಮೆ ಅದೇ ಅಂದರು. ಮೇ ಕೊನೆಯ ಒಳಗೆ ಇತ್ಯರ್ಥ ಮಾಡುತ್ತೇನೆ ಅಂತ ತಾವೇ ಗಡುವು ಹಾಕಿಕೊಂಡರು. ಗಡುವು ಬಂತು. 2010ರ ಮೇ 4ಕ್ಕೆ ಒಕಿನಾವಾಗೆ ಹೋಗಿ, ಆಗುವುದಿಲ್ಲ ಅಂತ ಕ್ಷಮೆ ಕೇಳಿದರು. ಮೇ 28ಕ್ಕೆ ಮತ್ತೆ ಹೆನೊಕೊ ಅಂತಲೇ ಅಮೆರಿಕದ ಜೊತೆ ಹೇಳಿಕೆ. ಅದಕ್ಕೆ ಸಹಿ ಹಾಕುವುದಿಲ್ಲ ಅಂದ ಮಿತ್ರಪಕ್ಷದ ಸಚಿವೆ ಮಿಜುಹೊ ಫುಕುಶಿಮಾ ಅವರನ್ನು ಸಂಪುಟದಿಂದ ತೆಗೆದರು, ಅವರ ಪಕ್ಷ ಮೈತ್ರಿ ಬಿಟ್ಟಿತು. ಜೂನ್ 2ಕ್ಕೆ ರಾಜೀನಾಮೆ ಘೋಷಣೆ, ಜೊತೆಗೆ ಒಜಾವಾ ಅವರನ್ನೂ ಎಳೆದುಕೊಂಡು ಹೋದರು.

ಅಜ್ಜ ಮೊಮ್ಮಗ ಇಬ್ಬರಿಗೂ ಅಮೆರಿಕದ ನೆರಳಿನಿಂದ ಸ್ವಲ್ಪ ಆಚೆ ನಿಲ್ಲಬೇಕು ಅನ್ನುವ ಆಸೆ ಇತ್ತು. ಅಜ್ಜ ಒಂದೇ ಕೆಲಸ ಹಿಡಿದರು, ಸೋವಿಯತ್ ಜೊತೆ ಸಂಬಂಧ. ಪಕ್ಷದೊಳಗೆ ವಿರೋಧ ಇದ್ದರೂ, ಸೋವಿಯತ್ ಹಿಡಿದುಕೊಂಡಿದ್ದ ದ್ವೀಪಗಳ ತಕರಾರನ್ನು ಪಕ್ಕಕ್ಕಿಟ್ಟು ಆಗುವಷ್ಟನ್ನು ಮುಗಿಸಿದರು. ಮೊಮ್ಮಗ ಒಳ್ಳೇ ಮಾತನ್ನು ಮೊದಲು ಆಡಿ ದಾರಿಯನ್ನು ಆಮೇಲೆ ಹುಡುಕಿದರು. ಅಜ್ಜನಿಗೆ ಪ್ರಧಾನಿ ಪಟ್ಟ ಸಿಕ್ಕಿದ್ದು ಎಂಟು ವರ್ಷ ಕಾದು, ಕಾಯಿಲೆ ಬಿದ್ದು, ಪಕ್ಷ ಒಡೆದು, ಮತ್ತೆ ಕಟ್ಟಿ. ಮೊಮ್ಮಗ ತಾವೂ ಪಕ್ಷ ಕಟ್ಟಿದವರೇ, ಹದಿಮೂರು ವರ್ಷ ವಿರೋಧ ಪಕ್ಷದಲ್ಲಿ ಕೂತವರೇ, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಯಾರನ್ನು ಒಪ್ಪಿಸಬೇಕು, ಯಾರಿಗೆ ಮುಖದ ಮೇಲೆ ಇಲ್ಲ ಅನ್ನಬೇಕು ಅನ್ನುವ ಕಲೆ ಬರಲಿಲ್ಲ. ಎಲ್ಲರಿಗೂ ಹೂಂ ಅಂದರು. ಜಪಾನಿನ ಜನ ಅವರಿಗೆ ಅನ್ಯಗ್ರಹ ಜೀವಿ ಅಂತ ಅಡ್ಡಹೆಸರು ಇಟ್ಟಿದ್ದರು. ಅವರ ಹೆಂಡತಿ ಮಿಯುಕಿ ತಮ್ಮ ಆತ್ಮ ಹಾರುವ ತಟ್ಟೆಯಲ್ಲಿ ಶುಕ್ರ ಗ್ರಹಕ್ಕೆ ಹೋಗಿ ಬಂದಿತ್ತು ಅಂತ ಒಂದು ಪುಸ್ತಕದಲ್ಲಿ ಹೇಳಿಕೊಂಡಿದ್ದರು, ಅಲ್ಲಿಗೆ ಪೇಪರಿನವರಿಗೆ ಬೇರೆ ಏನೂ ಬೇಕಿರಲಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. 2012ರ ಚುನಾವಣೆಗೆ ನಿಲ್ಲದೆ ನಿವೃತ್ತಿ. ಆ ಸಲ ಅವರ ಪಕ್ಷ 57 ಸೀಟಿಗೆ ಕುಸಿಯಿತು. 2015ರಲ್ಲಿ ರಷ್ಯಾ ಹಿಡಿದುಕೊಂಡಿದ್ದ ಕ್ರೈಮಿಯಾಗೆ ಹೋಗಿ ಸ್ವಂತ ದೇಶದಲ್ಲೇ ಉಗಿಸಿಕೊಂಡರು. ಅದೇ ವರ್ಷ ಸೋಲ್ ನಗರದ ಸೊದೆಮುನ್ ಜೈಲಿನ ಸ್ಮಾರಕದ ಮುಂದೆ ಮಂಡಿಯೂರಿ, ಜಪಾನಿನ ವಸಾಹತು ಆಡಳಿತ ಕೊಟ್ಟ ಹಿಂಸೆಗೆ ಕ್ಷಮೆ ಕೇಳಿದರು. ಮೊದಲನೆಯದು ನನಗೆ ಒಪ್ಪಿಗೆಯಿಲ್ಲ. ಎರಡನೆಯದಕ್ಕೆ ಗೌರವ ಇದೆ, ಕುರ್ಚಿಯಲ್ಲಿ ಇದ್ದಾಗ ಅದನ್ನು ಮಾಡಿದ್ದರೆ ಇನ್ನೂ ಜಾಸ್ತಿ ಇರುತ್ತಿತ್ತು.

ಮನೆತನದ ಅಂಗಡಿ ಮುಚ್ಚಿಲ್ಲ. ತಮ್ಮ ಕುನಿಯೊ 2005ರಲ್ಲೇ ಕ್ಷೇತ್ರ ಬದಲಿಸಿ ಕುರುಮೆ ಕಡೆಗೆ ಹೋಗಿದ್ದರು, ಅದು ತಾಯಿಯ ಅಪ್ಪನ ಊರು, ಬ್ರಿಜ್‌ಸ್ಟೋನ್ ಹುಟ್ಟಿದ ಊರು. ನ್ಯಾಯ ಸಚಿವರಾಗಿದ್ದಾಗ, ನನ್ನ ಗೆಳೆಯನ ಗೆಳೆಯ ಅಲ್ ಖೈದಾದವನು ಅಂತ ಹೇಳಿ ದೇಶವನ್ನೇ ಬೆಚ್ಚಿಬೀಳಿಸಿದ ಪುಣ್ಯಾತ್ಮ, ಕಾರಣ ಕೇಳಿದರೆ ಚಿಟ್ಟೆ ಹಿಡಿಯುವ ಹವ್ಯಾಸದ ಗೆಳೆತನ! ಅವರು 2016ರಲ್ಲಿ ತೀರಿಕೊಂಡರು, ಅದೇ ವರ್ಷದ ಉಪಚುನಾವಣೆಯಲ್ಲಿ ಮಗ ಜಿರೊ ಗೆದ್ದರು. ಯುಕಿಯೊ ಅವರ ಮಗ ಕೀಚಿರೊ ಸಂಚಾರ ಎಂಜಿನಿಯರಿಂಗ್ ಓದಿ, ಮಾಸ್ಕೋದಲ್ಲಿ ಪಾಠ ಮಾಡಿ ಬಂದವರು, 2024ರ ಅಕ್ಟೋಬರಿನಲ್ಲಿ ಕೆಳಮನೆಗೆ ಬಂದರು, ಅದೂ ಅಪ್ಪನದ್ದೂ ಅಲ್ಲದ, ಮುತ್ತಜ್ಜ ಇಚಿರೊ ಅವರದ್ದೂ ಅಲ್ಲದ ಮೂರನೇ ಪಕ್ಷದಿಂದ. ಐದನೇ ತಲೆಮಾರು.

ಈಗ ಆ ಕಟ್ ಮಾಡಿದ ಸ್ಟಾರ್. ಇದು ಮನೆಯವರೇ ಮಾಡಿದ ಸ್ಮಾರಕ. ಮನೆಯವರು ಅಂದಮೇಲೆ ಅಜ್ಜನನ್ನು ಹೊಗಳುತ್ತಾರೆ, ಅದು ತಪ್ಪಲ್ಲ. ಆದರೆ 308 ಸೀಟು ಗೆದ್ದ, ಆಮೇಲೆ ಒಕಿನಾವಾದಲ್ಲಿ ತಲೆ ತಗ್ಗಿಸಿ ನಿಂತ ಮೊಮ್ಮಗನಿಗೂ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಇರಬೇಕಿತ್ತು. ಹೊಗಳಿಕೆಯ ಕೋಣೆ ಬೇಡ. 1954ರ ಅಜ್ಜ ಮತ್ತು 2009ರ ಮೊಮ್ಮಗ ಅಕ್ಕಪಕ್ಕ ನಿಂತರೆ, ಗುಲಾಬಿ ನೋಡಲು ಬಂದವರೂ ಅಲ್ಲಿ ಹತ್ತು ನಿಮಿಷ ಜಾಸ್ತಿ ನಿಲ್ಲುತ್ತಾರೆ.

ಜಪಾನಿ ಓದಲು ಬಾರದವರು ಫೋನಿನಲ್ಲಿ ಅನುವಾದದ ಆ್ಯಪ್ ಹಾಕಿಕೊಂಡು ಹೋಗಿ. ಮನೆ ನೋಡಿಯಾದ ಮೇಲೆ ಎರಡು ದಾರಿ ಇವೆ. ಗೊಕೊಕುಜಿ ಕಡೆ ನಡೆದರೆ ಅದೇ ಹೆಸರಿನ ದೊಡ್ಡ ದೇವಸ್ಥಾನ, ಅಲ್ಲಿ ವಾಸೆದಾ ವಿಶ್ವವಿದ್ಯಾಲಯ ಕಟ್ಟಿದ ಹಳೇ ಪ್ರಧಾನಿ ಒಕುಮಾ ಅವರ ಸಮಾಧಿ ಇದೆ. ಎದೊಗಾವಾಬಾಶಿ ಕಡೆ ಇಳಿದರೆ ಕಾಂಡಾ ಹೊಳೆಯ ದಂಡೆ, ಚೆರ್ರಿ ಹೂ ಬಿಡುವಾಗ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಇಚಿರೊ ಸಮಾಧಿ ಇರುವುದು ಯಾನಾಕಾದಲ್ಲಿ, ಅದು ಬೇರೆ ದಿಕ್ಕು, ಅದೇ ದಿನಕ್ಕೆ ಸೇರಿಸಬೇಡಿ. ಸಸ್ಯಾಹಾರಿಗಳು ಊಟದ ಡಬ್ಬಿ ತೆಗೆದುಕೊಂಡು ಹೋಗಿ ಹೊಳೆ ಪಕ್ಕದ ಪಾರ್ಕಿನಲ್ಲಿ ತಿನ್ನುವುದು ವಾಸಿ.